ಕಬ್ಬಿನ ಅಚ್ಚಿನ ಹಾಜರಿ

ಉಗಾರ ಖುರ್ದ,
ಭಾನುವಾರ, ೧೫ ಡಿಸೆಂಬರ್ ೨೦೨೪

ಪ್ರೀತಿಯ ಮೇಘಾ,

ಜಯ ಜಿನೇಂದ್ರ. ಮೊದಲು ನಿನ್ನ ಕೆಮ್ಮಿನ ವಿಷಯ ಹೇಳು. ನಿಪ್ಪಾಣಿಯ ನಿನ್ನ ತವರುಮನೆಯ ಹಿತ್ತಿಲಿಗೆ ತಂಬಾಕಿನ ಗೋದಾಮು ಹತ್ತಿಕೊಂಡಿರುವುದರಿಂದ ಚಳಿಗಾಲ ಬಂತೆಂದರೆ ಗಂಟಲು ಕಟ್ಟುತ್ತದೆಂದು ನೀನೇ ಹೇಳುತ್ತಿದ್ದೆ. ಹೊತ್ತು ಮುಳುಗುವ ಮುಂಚೆ ಎರಡು ಲೋಟ ಬಿಸಿನೀರು ಕುಡಿ. ಮುಳುಗಿದ ಮೇಲೆ ಕುಡಿಯುವಂತಿಲ್ಲವಲ್ಲ. ನಿನ್ನ ತಾಯಿಯವರ ಮಂಡಿನೋವು ಹೇಗಿದೆ? ನಿನ್ನ ಅಣ್ಣ ಕುಣಾಲನ ಅಂಗಡಿ ಸರಿಯಾಗಿ ನಡೆದಿದೆಯೆ? ನಾನು ಆರೋಗ್ಯವಾಗಿದ್ದೇನೆಂದು ಬರೆಯುವುದು ರೂಢಿ, ಆದ್ದರಿಂದ ಬರೆದಿದ್ದೇನೆ. ಎಡಗಣ್ಣಿನ ಪೊರೆ ಇನ್ನಷ್ಟು ಬಲಿತಿದೆ. ಆದರೂ ಈ ಪತ್ರವನ್ನು ಯಾರಿಂದಲೂ ಬರೆಸಿಲ್ಲ. ಸಾಲು ಓರೆಯಾಗಿದ್ದರೆ ಅದನ್ನು ಕಣ್ಣಿನ ದೋಷವೆಂದು ತಿಳಿ, ಕೈಯ ದೋಷವೆಂದು ತಿಳಿಯಬೇಡ.

ಈಗ ತಿದ್ದುಪಡಿ. ಕಳೆದ ಮಂಗಳವಾರ ನಿನ್ನ ಸಣ್ಣತ್ತೆ ಸುಂದರಾ ಫೋನಿನಲ್ಲಿ ಕುಣಾಲನಿಗೆ ಕೊಟ್ಟ ವರದಿ ನಾಲ್ಕು ಕಡೆ ತಪ್ಪಾಗಿದೆ. ಅದು ಅವನ ಬಾಯಿಂದ ನಿನ್ನ ಕಿವಿಗೆ ಬಂದಿರಲೇಬೇಕು. ತಾನು ಏನು ಹೇಳಿದೆನೆಂಬುದನ್ನು ಅವಳೇ ಬಂದು ನನ್ನ ಕಟ್ಟೆಯ ಮೇಲೆ ಕುಳಿತು, "ಎಲ್ಲಾ ಬಿಚ್ಚಿ ಹೇಳೇನಿ ನೋಡಕ್ಕಾ, ಮುಚ್ಚಿಡೂದು ನನ್ನ ಗುಣಾನ ಅಲ್ಲ" ಎಂದು ಒಪ್ಪಿಸಿ ಹೋದಳು. ಅವಳ ಪ್ರಕಾರ, ಒಂದು ಸೋಮವಾರ ನಮ್ಮ ಮನೆಯಲ್ಲಿ ಮುನಿ ಮಹಾರಾಜರ ಆಹಾರಕ್ಕೆ ಅಂತರಾಯವಾಯಿತು; ಅದಕ್ಕೆ ನೀನು ತಂದಿಟ್ಟ ಎಲುಬಿನ ಪುಡಿಯೇ ಕಾರಣ; ಆದ್ದರಿಂದ ನಾನು ನಿನ್ನನ್ನು ತವರಿಗೆ ಕಳಿಸಿದೆ; ಆಮೇಲೆ ನಿನ್ನ ಚಿತ್ರದ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದೆ. ಅದು ಸೋಮವಾರವಲ್ಲ, ಆಗಸ್ಟ್ ಹನ್ನೊಂದು, ಭಾನುವಾರ. ಇದು ಮೊದಲನೆಯ ತಪ್ಪು. ನಾನು ನಿನ್ನನ್ನು ಕಳಿಸಲಿಲ್ಲ. ಬುಧವಾರ ಕುಣಾಲ ಕಾರು ತಂದು, "ಎಂಟ ದಿವಸ ಇದ್ದ ಬರ್ಲಿರಿ" ಎಂದ. ನಾನು ಹೊಸ್ತಿಲಲ್ಲಿ ನಿಂತಿದ್ದೆ. "ಹೋಗು" ಎಂಬ ಕ್ರಿಯಾಪದ ನನ್ನ ಬಾಯಿಂದ ಬರಲಿಲ್ಲ. "ಇರು" ಎಂಬುದೂ ಬರಲಿಲ್ಲ. ಸುಂದರಾ ಗಮನಿಸಬೇಕಾಗಿದ್ದುದು ಅದನ್ನು. ಮೂರನೆಯ ತಪ್ಪು ಪುಸ್ತಕದ್ದು, ಅದನ್ನು ಈಗಲೇ ಹೇಳುತ್ತೇನೆ. ನಾಲ್ಕನೆಯದು ಪೊಟ್ಟಣದ್ದು. ಅದನ್ನೂ ಹೇಳುತ್ತೇನೆ, ಸ್ವಲ್ಪ ತಡೆ.

ಪುಸ್ತಕ ಸುಟ್ಟಿಲ್ಲ. ಅದು ನನ್ನ ತಗಡಿನ ಟ್ರಂಕಿನಲ್ಲಿ, ಅಭಿನಂದನನ ಬಿಳಿ ಶಾಲಿನೊಳಗೆ ಸುತ್ತಿಕೊಂಡಿತ್ತು. ಸುಟ್ಟದ್ದು ನೀನು ರೋಲರಿನ ಬಣ್ಣ ಒರೆಸುತ್ತಿದ್ದ ಹಳೆಯ ಪತ್ರಿಕೆಗಳ ಕಟ್ಟು. ನೀನು ಹೋದ ನಾಲ್ಕನೆಯ ದಿನ, ಪಾತ್ರೆ ತಿಕ್ಕಲು ಬರುವ ಮಲಕವ್ವ ನೀರು ಕಾಯಿಸುವಾಗ ಅದನ್ನು ಒಲೆಗೆ ತುರುಕಿದಳು. "ರದ್ದಿ ಅಂತ ತಿಳದ ಹಾಕೀನ್ರಿ ಅಕ್ಕೋರ, ನನಗೇನ ಗೊತ್ತರಿ" ಎಂದು ಆಮೇಲೆ ಅತ್ತಳು. ಆ ಕಟ್ಟಿನ ನಡುವೆ ನೀನು ಒಣಗಲು ಇಟ್ಟು ಮರೆತಿದ್ದ ಒಂದು ಹಾಳೆ ಇತ್ತು, ಅಭಿನಂದನನ ನೀಲಿ ಅಂಗಿಯ ಕಾಲರಿನ ಅಚ್ಚು. ನಾನು ಇಕ್ಕಳ ಹಾಕಿ ಎಳೆಯುವಷ್ಟರಲ್ಲಿ ಅರ್ಧ ಹೋಗಿತ್ತು. ಉಳಿದರ್ಧವನ್ನು ಮೈದಾ ಅಂಟು ಕಾಸಿ ಪುಸ್ತಕದಲ್ಲಿ ಅದರ ಜಾಗಕ್ಕೆ ಅಂಟಿಸಿದ್ದೇನೆ. ಗುಂಡಿಯ ಮನೆ ಉಳಿದಿದೆ, ಹೊಲಿಗೆಯ ಸಾಲೂ ಎದ್ದು ಕಾಣುತ್ತದೆ, ಅಂಚು ಮಾತ್ರ ಕಪ್ಪು. ಕಾಗದದ ಅಂಚನ್ನು ಮೇಣದಬತ್ತಿಗೆ ಹಿಡಿದು ಹೀಗೆ ಕಪ್ಪು ಮಾಡುವುದು ನಿನಗೆ ಇಷ್ಟವೆಂದು ಬಲ್ಲೆ. ಆದರೆ ಇದು ಆಟದಲ್ಲಿ ಆದದ್ದಲ್ಲ.

ಆಟವೆಂಬ ಶಬ್ದವನ್ನು ನಾನು ಮೊದಲು ಬೈಗುಳವಾಗಿ ಬಳಸಿದ್ದೆ, ನೆನಪಿದೆಯೆ? ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸದ ಸಿಹಿ ಅಳೆಯುತ್ತಿದ್ದ ನನ್ನ ಮಗ, ಹಂಗಾಮು ಜೋರಾಗಿದ್ದ ಕಳೆದ ವರ್ಷದ ಜನವರಿಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಎದೆ ಹಿಡಿದು ಕುಳಿತವನು ಏಳಲಿಲ್ಲ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಎಂಟು ತಿಂಗಳು ನೀನು "ಹೂಂ" ಮತ್ತು "ಬ್ಯಾಡ" ಎಂಬ ಎರಡು ಮಾತುಗಳಲ್ಲಿ ಸಂಸಾರ ನಡೆಸಿದೆ. ಒಂದು ಮಧ್ಯಾಹ್ನ ಬಂದು, "ಅತ್ತಿ, ದಪ್ಪನ್ನ ವಹಿ ಐತೇನ್ರಿ?" ಎಂದು ಕೇಳಿದಾಗ, ಅದು ಪೂರ್ಣ ವಾಕ್ಯವೆಂಬ ಒಂದೇ ಸಂತೋಷಕ್ಕೆ ನನ್ನ ಟ್ರಂಕು ತೆರೆದು, ಒಂದಕ್ಷರವೂ ಬರೆಯದ ಹಾಜರಿ ಪುಸ್ತಕವನ್ನು ಕೊಟ್ಟೆ. (ಅದು ಶಾಲೆಯ ಸ್ವತ್ತಲ್ಲ, ನಿವೃತ್ತಿಯ ವರ್ಷ ನಾನು ಸ್ವಂತಕ್ಕೆ ಕೊಂಡದ್ದು. ಈ ಪತ್ರವನ್ನು ಇನ್ನಾರಾದರೂ ಓದಿದರೆ ತಿಳಿದಿರಲೆಂದು ಬರೆದೆ.) ನೀನು ಅದರ ಮೊದಲ ಪುಟಕ್ಕೆ ಚಹಾದ ನೀರು ಬಳಿದೆ. ನಾನು ಬಾಯಿ ತೆರೆದವಳು ತೆರೆದಂತೆಯೇ ನಿಂತೆ. ಎರಡನೆಯ ಪುಟಕ್ಕೆ ಅವನ ಲ್ಯಾಬಿನ ಚೀಟಿಗಳನ್ನು ಹರಿದು ಅಂಟಿಸಿ, ಮೇಲೆ ಸುಣ್ಣ ಸವರಿ, ಅದರ ಮೇಲೆ ಬಾಚಣಿಗೆಯಿಂದ ಗೀರಿದೆ. ಅಂಚುಗೆರೆ ದಾಟಿ ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನೀನು ಅಂಚುಗೆರೆಯ ಮೇಲೆಯೇ ದಾರ ಹೊಲಿದೆ. "ಇದೇನು ಹೊಲಸು ಆಟ" ಎಂದೆ. ನೀನು ತಲೆ ಎತ್ತದೆ, "ಆಟಾನರಿ ಅತ್ತಿ" ಎಂದೆ. ನೀನು ವಾದಿಸಿದ್ದರೆ ನಾನು ಗೆಲ್ಲುತ್ತಿದ್ದೆ, ನೀನು ಒಪ್ಪಿಕೊಂಡುಬಿಟ್ಟೆ.

ಮೊಬೈಲಿನಲ್ಲಿ ಕಾಣುವ ಹೆಣ್ಣುಮಕ್ಕಳು ಬಟಾಟೆಯನ್ನು ಕೊರೆದು ಅಚ್ಚು ಮಾಡುತ್ತಿದ್ದರು. ನೆಲದೊಳಗೆ ಬೆಳೆದದ್ದನ್ನು ನಮ್ಮ ಅಡಿಗೆಮನೆಗೆ ತರುವ ಮಾತೇ ಇರಲಿಲ್ಲ. "ನಮ್ಮ ಮನ್ಯಾಗ ಬಟಾಟಿಗೆ ಹೊಸ್ತಲಾ ದಾಟಾಕ ಪರವಾನಗಿ ಇಲ್ಲ, ಏನ ಮಾಡ್ಲೆವ್ವಾ" ಎಂದು ನೀನು ಗೋಡೆಗೆ ಹೇಳಿಕೊಂಡೆ. ಟ್ರ್ಯಾಕ್ಟರಿನಿಂದ ಬಿದ್ದ ಒಂದು ಕಬ್ಬಿನ ಗಣಿಕೆಯನ್ನು ದಾರಿಯಿಂದ ಎತ್ತಿ ತಂದು ನಿನ್ನ ಮುಂದಿಟ್ಟವಳು ನಾನೇ. ಅಡ್ಡಕ್ಕೆ ಕೊಯ್ದು, ಬಣ್ಣ ಹಚ್ಚಿ ಒತ್ತಿದಾಗ ಒಂದು ಉಂಗುರ ಮೂಡಿತು, ಒಳಗೆ ಸಾಸಿವೆಯಂಥ ನೂರಾರು ಚುಕ್ಕೆ. ಎಂಬತ್ತು ವರ್ಷಗಳಿಂದ ಕಬ್ಬು ತಿನ್ನುವ ಮನೆತನ ನಮ್ಮದು. ಕಬ್ಬಿನ ಒಳಗೆ ಇಷ್ಟು ಚುಕ್ಕೆ ಇರುವುದನ್ನು ಆ ದಿನ ಕಂಡೆ. ಆಮೇಲೆ ಬೆಂಡೆಕಾಯಿ, ಹಾಗಲಕಾಯಿ, ಶೇಂಗಾ ಸಿಪ್ಪೆ, ನನ್ನ ಹಳೆಯ ಕುಪ್ಪಸದ ಲೇಸು ಎಲ್ಲ ಸರದಿಯಲ್ಲಿ ಬಂದವು. ಅಷ್ಟಮಿ, ಚತುರ್ದಶಿಗೆ ಹಸಿಕಾಯಿ ಕೊಯ್ಯಬಾರದೆಂದು ಬರೀ ರಟ್ಟು, ಬಟ್ಟೆ, ದಾರ. ಮಲಕವ್ವ ಬಾಗಿಲಿಗೆ ಆತು ನಿಂತು, "ಅಕ್ಕೋರ, ಈ ವಯಸ್ಸಿನ್ಯಾಗ ಮೈತುಂಬ ಬಣ್ಣಾ ಬಳಕೊಂಡ ಕುಂತೀರಿ, ನಾಳೆ ಸಾಲ್ಯಾಗ ಒಂದನೇತ್ತಾಕ ಹೆಸರ ಹಚ್ಚಸ್ರಿ" ಎಂದಳು. ನಾನು ರಬ್ಬರಿನ ಮೇಲೆ ಬ್ಲೇಡಿನಿಂದ "ಅ" ಕೊರೆದು ಒತ್ತಿದಾಗ ಅದು ತಿರುಗುಮುರುಗಾಗಿ ಬಿತ್ತಲ್ಲ, ಆ ಸಂಜೆಯನ್ನು ಮರೆಯಲಾರೆ. "ಅತ್ತೀ, ಮೂವತ್ತಾರ ವರ್ಷ ಕಲಿಸಿದ ಅ ನಿಮಗ ಬೆನ್ನ ತೋರಸಾಕತ್ತೈತಿ" ಎಂದು ನೀನು ನಕ್ಕೆ. ಅವನು ಹೋದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಾನು ಸಿಟ್ಟಾದಂತೆ ನಟಿಸಿದೆ. ಆ ರಬ್ಬರು ಈಗಲೂ ನನ್ನ ಜಪಮಾಲೆಯ ಚೀಲದಲ್ಲಿದೆ.

ಹಾಜರಿಯ ಗೆರೆಗಳಲ್ಲಿ ನೀನು ಒಂದೇ ಹೆಸರು ಬರೆದಿದ್ದೆ, ಅಭಿನಂದನ. ಅವನ ನೆನಪು ತಾನಾಗಿ ಬಂದ ದಿನ ಒಂದು ಕಬ್ಬಿನ ಉಂಗುರ; ಬಾರದ ದಿನ ಹಾಜರಿಯ ಮನೆ ಖಾಲಿ. "ಇಲ್ಲದವರ ಹಾಜರಿ ಹಾಕಬಾರದು" ಎಂದು ನಾನು ಶಾಲೆಯ ನಿಯಮ ಹೇಳಿದೆ. ನೀನು ಅಚ್ಚನ್ನು ನನ್ನ ಕಡೆ ಸರಿಸಿದೆ. ಆ ದಿನ ಅವನಿಗೆ ಇಷ್ಟವೆಂದು ಅರಿವಿಲ್ಲದೆ ಎರಡು ಹಿಡಿ ಹೆಚ್ಚು ಅವಲಕ್ಕಿ ನೆನೆಹಾಕಿದ್ದೆ. ಒತ್ತಿದೆ.

ಇನ್ನು ಆ ಜಿಗುಟಾದ ಹಲಗೆಯ ವಿಷಯ. ಚೈನಾ ಗ್ರಾಸ್ ಕುದಿಸಿ, ಮೆಡಿಕಲ್ ಅಂಗಡಿಯ ಗ್ಲಿಸರಿನ್ ಬೆರೆಸಿ, ಹಳೆಯ ತಗಡಿನ ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ಅಂಗೈಯಷ್ಟು ಮೆತ್ತಗಿನ ಹಲಗೆಯಾಗುತ್ತಿತ್ತು. ಅದರ ಮೇಲೆ ಬಣ್ಣ ಉರುಳಿಸಿ, ಬೇವಿನ ಎಲೆ ಹರಡಿ, ಕಾಗದ ಒತ್ತಿ ಎತ್ತಿದರೆ ಎಲೆಯ ನರವೂ ಉಳಿಯುತ್ತಿತ್ತು. ಆ ಟ್ರೇ, ಆ ಸೌಟು, ಆ ಒಲೆ ಎಲ್ಲವೂ ಬೇರೆ. ಅಡಿಗೆಯ ಒಂದು ಚಮಚವನ್ನೂ ನೀನು ಮುಟ್ಟಿಸಲಿಲ್ಲ. ಸುಂದರಾ ಊರೆಲ್ಲ ಹೇಳಿದ್ದಕ್ಕೆ ಇದು ನನ್ನ ಲಿಖಿತ ಉತ್ತರ. ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ಆದದ್ದು, ಅದರಲ್ಲಿ ಎಲುಬಿಲ್ಲ. ಜುಲೈ ತಿಂಗಳಲ್ಲಿ ಹಲಗೆ ನಡುವೆ ಸೀಳಿತು. ಹೊಸ ಪೊಟ್ಟಣ ಬೇಕಾಯಿತು. ಅದು ಹೇಗೆ ಬಂತೆಂಬುದು ನಾಲ್ಕನೆಯ ತಪ್ಪಿಗೆ ಸೇರಿದ ವಿಷಯ. ಅದರ ಸರದಿ ಇನ್ನೂ ಬಂದಿಲ್ಲ.

ಆ ಭಾನುವಾರವನ್ನು ಕ್ರಮವಾಗಿ ಬರೆದಿಡುತ್ತೇನೆ, ಏಕೆಂದರೆ ಬರೆಯದಿದ್ದರೆ ಸುಂದರಾಳ ಕಥೆಯೇ ನಿಲ್ಲುತ್ತದೆ. ಚಾತುರ್ಮಾಸಕ್ಕೆ ಊರಿನ ಬಸದಿಯಲ್ಲಿ ನೆಲೆಸಿದ್ದ ಮಹಾರಾಜರು ಇಪ್ಪತ್ತು ದಿನ ನಮ್ಮ ಬಾಗಿಲ ಮುಂದೆ ಹಾದುಹೋಗಿದ್ದರು, ಅಂದು ನಿಂತರು. ಬಾವಿಯ ನೀರು ಸೋಸಿ, ಒದ್ದೆಬಟ್ಟೆ ಉಟ್ಟು, ನಸುಕಿನಿಂದ ನೀನೂ ನಾನೂ ಶುದ್ಧ ಚೌಕ ಹಾಕಿ ಅಡಿಗೆ ಮಾಡಿದ್ದೆವು. ಬಸದಿಯ ಸುಧೀರ ಉಪಾಧ್ಯೆ ಜೊತೆಗೆ ಬಂದಿದ್ದ. ಸುಂದರಾಳ ಗಂಡ ಆಬಾಸಾಹೇಬ, ಅಂದರೆ ನಿನ್ನ ಸಣ್ಣ ಮಾವ, ಮಣೆ ತೊಳೆದು ಇಟ್ಟರು. ಮಹಾರಾಜರು ನಿಂತು ಅಂಗೈ ಜೋಡಿಸಿದರು. ಮೊದಲು ನೀರು, ಆಮೇಲೆ ಹಾಲು, ಆಮೇಲೆ ಅನ್ನ. ಮೂರನೆಯ ತುತ್ತು ನಿನ್ನ ಕೈಯಿಂದ ಅವರ ಅಂಗೈಗೆ ಬಿದ್ದಿತ್ತು. ಅಷ್ಟರಲ್ಲಿ ಸೋಸಲು ಇನ್ನೊಂದು ಬಿಳಿ ಬಟ್ಟೆ ಬೇಕೆಂದು ಸುಂದರಾ ನಡುಮನೆಗೆ ಹೋಗಿ, ಬಟ್ಟೆಯ ಪೆಟ್ಟಿಗೆಯನ್ನು ಬಿಟ್ಟು, ನೀನು ಅಚ್ಚಿನ ಸಾಮಾನು ಇಡುತ್ತಿದ್ದ ಮಿಠಾಯಿ ಡಬ್ಬಿಯನ್ನು ತೆರೆದಳು. ಒಂದು ಪೊಟ್ಟಣ ಅವಳ ಕೈಗೆ ಬಂತು. ಔಷಧಶಾಸ್ತ್ರ ಓದುವ ಮಗಳು ತ್ರಿಶಲಾಳ ಮುಂದೆ ಹಿಡಿದು ಏನೆಂದು ಕೇಳಿದಳು. ಹುಡುಗಿ ಓದಿದ್ದನ್ನು ಓದಿದಂತೆ, "ಜಿಲೆಟಿನ್ ಅವ್ವಾ, ದನದ ಎಲುಬಿಂದ ಮಾಡತಾರ" ಎಂದು ಮೆಲ್ಲಗೆ ಹೇಳಿದಳು. ಸುಂದರಾಳಿಗೆ ಮೆಲ್ಲಗೆ ಎಂಬ ಪದ ಗೊತ್ತಿಲ್ಲ. "ಅಯ್ಯಯ್ಯ, ಎಲುಬಿನ ಪುಡಿ ಮನ್ಯಾಗ ಇಟ್ಟಾರಲ್ಲೋ!" ಎಂದು ಅಲ್ಲಿಂದಲೇ ಕೂಗಿದಳು.

ಸುಂದರಾ ಅಂತರಾಯವೆಂಬುದನ್ನು ಅಪಶಕುನವೆಂಬಂತೆ ಬಳಸುತ್ತಾಳೆ. ಅದು ಅಪಶಕುನವಲ್ಲ. ಹಿಂಸೆಯ ಸುಳಿವು ಕಣ್ಣಿಗೋ ಕಿವಿಗೋ ಬಿದ್ದರೆ ಮುನಿಗಳು ಅಷ್ಟಕ್ಕೆ ಆಹಾರ ಬಿಟ್ಟು, ಮರುದಿನದ ಹೊತ್ತಿನವರೆಗೆ ಹನಿ ನೀರೂ ಮುಟ್ಟುವುದಿಲ್ಲ. ಅಷ್ಟೇ ಅದರ ಅರ್ಥ, ಅಷ್ಟೇ ಅದರ ಭಾರ. ಮಹಾರಾಜರು ಜೋಡಿಸಿದ ಅಂಗೈ ಬಿಡಿಸಿದರು. ಅನ್ನದ ಅಗುಳು ಪರಾತದಲ್ಲಿ ಬಿದ್ದ ಸದ್ದು ನನಗೆ ಕೇಳಿಸಿತು. ಅವರು ಕುಳಿತರು, ಕೈ ತೊಳೆದರು, ನನ್ನತ್ತಲೂ ನಿನ್ನತ್ತಲೂ ಸಮನಾಗಿ ನೋಡಿ ಆಶೀರ್ವಾದಕ್ಕೆ ಕೈ ಎತ್ತಿದರು, ಹೊರಟುಹೋದರು. ಆಮೇಲೆ ಆಬಾಸಾಹೇಬರು ಅಂಗಳದ ನಡುವೆ ನಿಂತು ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು, "ಇದನ್ನ ಯಾರ ತಂದಾರ? ಖರೇ ಹೇಳ್ರಿ" ಎಂದು ಕೇಳಿದರು. ಪಾತ್ರೆ ತಿಕ್ಕಲು ಬಂದಿದ್ದ ಮಲಕವ್ವನೂ ಸೇರಿ ಅಂಗಳದಲ್ಲಿ ಆರು ಜನ ಇದ್ದೆವು, ನಿನ್ನನ್ನು ಸೇರಿಸಿದರೆ ಏಳು. ನೀನು ನನ್ನ ಮುಖ ನೋಡಿದೆ. ಒಂದು ಗಳಿಗೆ ಕಾದೆ. ಆ ಗಳಿಗೆ ಎಷ್ಟು ಉದ್ದವಿತ್ತೆಂದು ನನಗೂ ಗೊತ್ತು, ನಿನಗೂ ಗೊತ್ತು. ಆಮೇಲೆ ನೀನು ಸೆರಗು ಹೊದ್ದು, "ನಾನ ತಂದೀನ್ರಿ" ಎಂದೆ. "ಗಂಡನ್ನ ಕಳಕೊಂಡಾಕಿಗೆ ಬಣ್ಣದ ಆಟ ಬೇಕಾಗಿತ್ತೇನು" ಎಂದಳು ಸುಂದರಾ. ನಾನು ನನ್ನ ಕಾಲ ಬಳಿಯ ಪರಾತವನ್ನು ಎತ್ತಿಕೊಂಡು ಒಳಗೆ ಹೋದೆ.

ಬಳಿಕ ಈ ಊರಿನ ದಿನಗಳು ಹೀಗಿವೆ. ನವೆಂಬರಿನಲ್ಲಿ ಕಾರ್ಖಾನೆ ಶುರುವಾಯಿತು. ಬೆಲ್ಲ ಕರಗಿದಂಥ ವಾಸನೆ ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ಒಣಹಾಕಿದ ಬಟ್ಟೆಯ ಮೇಲೆ ಬೂದಿಯ ಕಪ್ಪು ಎಳೆ ಬೀಳುತ್ತದೆ. ಟ್ರ್ಯಾಕ್ಟರುಗಳಿಂದ ಕಬ್ಬು ಬಿದ್ದಿರುತ್ತದೆ, ಎತ್ತಿಕೊಳ್ಳುವುದಿಲ್ಲ. ನಿನ್ನ ಟ್ರೇಯಲ್ಲಿ ಉಳಿದಿದ್ದ ಹಲಗೆ ಒಣಗಿ, ಮುದುರಿ, ಹಳೆಯ ಚರ್ಮದಂತಾಯಿತು. ಒಬ್ಬಳೇ ಉಣ್ಣುವಾಗ ಎರಡು ತಾಟು ತೊಳೆದಿಡುತ್ತೇನೆ. ಅದು ಪ್ರೀತಿಯಿಂದಲ್ಲ, ರೂಢಿಯಿಂದ, ಆದ್ದರಿಂದ ನೀನು ಮರುಗಬೇಕಿಲ್ಲ. ಬಸದಿಗೆ ಹೋದರೆ ಹೆಂಗಸರು ಜರುಗಿ ಜಾಗ ಕೊಡುತ್ತಾರೆ, ಕರುಣೆಯಿಂದ: ಇಂಥ ಸೊಸೆಯನ್ನು ಸಹಿಸಿದ ಅತ್ತೆ ಎಂದು. ಆ ಕರುಣೆಯನ್ನು ನಾಲ್ಕು ತಿಂಗಳು ತಿಂದು ಜೀರ್ಣಿಸಿಕೊಂಡಿದ್ದೇನೆ.

ರಾಯಬಾಗದ ಸಂಬಂಧದ ಸುದ್ದಿ ನನಗೆ ತಿಳಿಯಿತು. ನಿನಗೆ ಇನ್ನೂ ಮೂವತ್ತೊಂದು. ಬೇರೆ ಮನೆ ನೋಡಿರೆಂದು ಮಾರ್ಚಿನಲ್ಲೇ ಕುಣಾಲನಿಗೆ ಹೇಳಿದವಳು ನಾನು. ಹುಡುಗ ಒಳ್ಳೆಯವನೆಂದೂ, ನೀನು ಒಪ್ಪಿದ್ದೆಯೆಂದೂ, ಅಚ್ಚಿನ ಸಾಮಾನಿಗೆ ಒಂದು ಕೋಣೆ ಕೊಡುತ್ತೇನೆಂದು ಅವನೇ ಹೇಳಿದ್ದನೆಂದೂ ಕೇಳಿ, ಆ ದಿನ ದೇವರ ಮುಂದೆ ಹೆಚ್ಚು ಹೊತ್ತು ಕುಳಿತಿದ್ದೆ. ದೀಪಾವಳಿ ಕಳೆದ ಮೇಲೆ ಅವನ ತಾಯಿ ಮಾತು ಹಿಂತೆಗೆದುಕೊಂಡಳಂತೆ. "ಮಹಾರಾಜರ ಅಂಗೈಯಿಂದ ತುತ್ತ ಬೀಳಿಸಿದ ಕೈ ನಮ್ಮ ಮನ್ಯಾಗ ಬ್ಯಾಡ" ಎಂದಳಂತೆ. ಈ ವಾಕ್ಯವನ್ನು ಸುಂದರಾ ನನಗೆ ವರದಿ ಮಾಡಿದಳು. ಅದರಲ್ಲಿ ಒಂದಕ್ಷರ ತಿದ್ದಲು ನನ್ನಿಂದಾಗಲಿಲ್ಲ. ಯಾವ ಕೈ ಎಂಬ ಒಂದು ಪ್ರಶ್ನೆಯ ಹೊರತು ಅದು ಸರಿಯಾದ ವಾಕ್ಯವೇ.

ಅದೇ ದಿನ ಟ್ರಂಕು ತೆರೆದು, ನಿನ್ನ ಅನುಮತಿಯಿಲ್ಲದೆ, ನಿನ್ನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕ್ಷಮೆ ಕೇಳುತ್ತೇನೆ. ಕೈಯಲ್ಲಿ ಅಭ್ಯಾಸಬಲದಿಂದ ಕೆಂಪು ಪೆನ್ನು ಇತ್ತು. ಎಲ್ಲೂ ತಾಗಿಸಿಲ್ಲ, ಪರೀಕ್ಷಿಸಿ ನೋಡು. ಪುಸ್ತಕವನ್ನು ಈ ಪತ್ರದೊಡನೆ ತ್ರಿಶಲಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಕಾಲೇಜು ನಿಪ್ಪಾಣಿಯಲ್ಲೇ ಇರುವುದರಿಂದ ಇಂದು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾಳೆ. ಅದು ನನ್ನ ಟ್ರಂಕಿನಲ್ಲಿರುವವರೆಗೆ ನೀನು ಒಂದಲ್ಲ ಒಂದು ದಿನ ಅದಕ್ಕಾಗಿಯಾದರೂ ಈ ಹೊಸ್ತಿಲು ದಾಟುತ್ತೀಯೆಂಬ ಲೆಕ್ಕಾಚಾರ ನನಗಿತ್ತು. ಅದು ಸರಿಯಾದ ಲೆಕ್ಕಾಚಾರವಲ್ಲ. ನಿನ್ನ ವಸ್ತು ನಿನಗೆ ಬರಲಿ. ರೋಲರು, ಬಣ್ಣದ ಡಬ್ಬಿ, ಲೇಸಿನ ತುಂಡುಗಳೂ ಚೀಲದಲ್ಲಿವೆ. ಟ್ರೇಯನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಅದು ತುಕ್ಕು ಹಿಡಿದಿದೆ, ಕೊಡುವಂತಿಲ್ಲ.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಕುಣಾಲನಿಗೆ ಆಶೀರ್ವಾದ. ನಿನಗೆ ಏನೆಂದು ಹರಸಲಿ? ಕೆಮ್ಮು ಕಡಿಮೆಯಾಗಲಿ, ಕೈ ಸುಮ್ಮನಿರದಿರಲಿ. ಹೋದ ಮನೆ ಯಾವುದಾದರೂ ಅಲ್ಲಿ ಬೆಳಕು ಬೀಳುವ ಒಂದು ಕಿಟಕಿ ನಿನ್ನ ಪಾಲಿಗಿರಲಿ.

ನಿನ್ನ ಅತ್ತೆ,
ರಾಜಮತಿ
(ನಿವೃತ್ತ ಮುಖ್ಯಾಧ್ಯಾಪಕಿ)

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ತ್ರಿಶಲಾ ಬಾಗಿಲಲ್ಲಿ ಚಡಪಡಿಸುತ್ತಿದ್ದಾಳೆ. ನಾಲ್ಕನೆಯ ತಪ್ಪು ಉಳಿದಿದೆ. ಪೊಟ್ಟಣ ತಂದವಳು ನಾನು. ನೀನು ಚೀಟಿಯಲ್ಲಿ ದುಂಡಗೆ ಚೈನಾ ಗ್ರಾಸ್ ಎಂದು ಬರೆದು ಕೊಟ್ಟಿದ್ದೆ. ಅಥಣಿಯ ಬೇಕರಿ ಸಾಮಾನಿನ ಅಂಗಡಿಯಲ್ಲಿ ಅದು ಮುಗಿದಿತ್ತು. "ಇದೂ ಹಂಗ ಹೆಪ್ಪ ಹಿಡೀತೈತ್ರಿ ಅಕ್ಕೋರ, ಎರಡೂ ಒಂದ" ಎಂದವನು ನನ್ನ ಹಳೆಯ ವಿದ್ಯಾರ್ಥಿ. ಚಷ್ಮಾ ಮನೆಯಲ್ಲಿ ಉಳಿದಿತ್ತು. ನಾನೇ ಅಕ್ಷರ ಕಲಿಸಿದ ಹುಡುಗನಿಗೆ, ಇದರ ಮೇಲೆ ಏನಿದೆ ಓದಿ ಹೇಳಪ್ಪ ಎಂದು ಕೇಳಲು ನನಗೆ ನಾಚಿಕೆಯಾಯಿತು. ಓದಿದವಳಂತೆ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡೆ. ನಿನ್ನ ಪುಸ್ತಕದಲ್ಲಿ ನನ್ನ ಆ ದಿನದ ಉಚಿತ ಬಸ್ಸಿನ ಟಿಕೆಟ್ಟು ಅಂಟಿಸಿದ ಪುಟ ಸಿಕ್ಕಿತು, ಪಕ್ಕದಲ್ಲಿ ಚೈನಾ ಗ್ರಾಸಿನ ಹೊದಿಕೆ, ಕೆಳಗೆ ನಿನ್ನ ಅಕ್ಷರ: "ಪೊಟ್ಟಣದ ಮ್ಯಾಲೆ ಕಂದು ಗುರುತು ಐತಿ, ಮಾಂಸದ್ದು. ಅತ್ತಿ ಚಷ್ಮಾ ಬಿಟ್ಟ ಹೋಗಿದ್ರು. ಹೇಳೂದಿಲ್ಲ. ಅಣ್ಣನ ಕಡೆ ಬ್ಯಾರೆ ತರಿಸೀನಿ. ಇದನ್ನ ಅಥಣಿಗೆ ಹೋದಾಗ ತಿರುಗಿ ಕೊಟ್ಟ ಬರಬೇಕು." ಪೊಟ್ಟಣವನ್ನು ಆಬಾಸಾಹೇಬರಿಂದ ಕೇಳಿ ತರಿಸಿ ನೋಡಿದೆ, ಅಂಗಡಿಯವನ ಪಿನ್ನು ಹಾಗೆಯೇ ಇದೆ, ನೀನು ಒಡೆದೇ ಇಲ್ಲ. ನಿನ್ನೆ ಚತುರ್ದಶಿಯ ಪೂಜೆ ಮುಗಿದ ಮೇಲೆ ಬಸದಿಯ ಅಂಗಳದಲ್ಲಿ ಆ ದಿನ ಇದ್ದವರನ್ನೆಲ್ಲ ಕರೆಸಿ, ಪೊಟ್ಟಣವನ್ನೂ ನಿನ್ನ ಪುಟವನ್ನೂ ತೋರಿಸಿ, ಇದನ್ನೆಲ್ಲ ಹೇಳಿದೆ. "ಇಷ್ಟ ದಿನಾ ಬಾಯಾಗ ಏನ ಇಟ್ಕೊಂಡಿದ್ದಿ ಅಕ್ಕಾ?" ಎಂದಳು ಸುಂದರಾ. ಅವಳು ಈವರೆಗೆ ಕೇಳಿದ ಪ್ರಶ್ನೆಗಳಲ್ಲಿ ಅದೊಂದು ಸರಿಯಾಗಿತ್ತು. ಇದನ್ನೇ ಬರೆದು ಸಹಿ ಹಾಕಿ ರಾಯಬಾಗಕ್ಕೂ ಕಳಿಸಿದ್ದೇನೆ. ಅವರು ಮನಸ್ಸು ತಿರುಗಿಸುತ್ತಾರೆಂಬ ಭರವಸೆ ಕೊಡಲಾರೆ. ಮಹಾರಾಜರು ಚಾತುರ್ಮಾಸ ಮುಗಿಸಿ ಯಾವಾಗಲೋ ಬೇರೆ ಊರಿಗೆ ವಿಹಾರ ಹೊರಟರು, ಅವರಿಗೆ ಹೇಳಲಾಗಲಿಲ್ಲ. ಆ ಒಂದು ದಿನದ ಅವರ ಹಸಿವು ನನ್ನ ಮೇಲೆ ಉಳಿಯಿತು. ಚತುರ್ದಶಿಗೆ ಕೊಯ್ಯುವಂತಿಲ್ಲವಾದ್ದರಿಂದ ಕಬ್ಬನ್ನು ಶುಕ್ರವಾರವೇ ಕೊಯ್ದಿಟ್ಟಿದ್ದೆ. ಪುಸ್ತಕದ ಕೊನೆಯ ಪುಟದಲ್ಲಿ ಹೆಸರು ಬರೆದು ಅವರವರ ಕೈಯಿಂದಲೇ ಒತ್ತಿಸಿದ್ದೇನೆ; ಆಬಾಸಾಹೇಬರದು ಕಲಸಿದೆ, ಮಲಕವ್ವನದು ಎಲ್ಲಕ್ಕಿಂತ ಚೊಕ್ಕ. ಹಾಜರಿದ್ದವರು: ಆಬಾಸಾಹೇಬ, ಸುಂದರಾ, ತ್ರಿಶಲಾ, ಸುಧೀರ ಉಪಾಧ್ಯೆ, ಮಲಕವ್ವ, ಮತ್ತು ಈ ಸಲ ರಾಜಮತಿ.